ಡಬ್ಬಿ ಮತ್ತು ಬಾಣ

ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿ ಆರ್ಕಿಟೆಕ್ಟ್. ಈ ಸುದ್ದಿ ಮೂಡಲಗಿ ಸಂತೆ ಮುಟ್ಟಿದ ವಾರವೇ ಇಬ್ಬರು ಮನೆಯ ನಕ್ಷೆ ಕೇಳಿಕೊಂಡು ಬಂದರು. ಅದರಲ್ಲೊಬ್ಬರು ದೇವರ ಮನೆ ಈಶಾನ್ಯಕ್ಕೇ ಬರಬೇಕೆಂದು ತಾಕೀತು ಮಾಡಿ, ಚಹಾ ಕುಡಿದು ಹೋದರು. ಅವನು ಕಟ್ಟುವುದು ಮನೆಯಲ್ಲ, ದೊಡ್ಡ ಕಂಪನಿಗಳ ಸಾಫ್ಟ್‌ವೇರು. ಅದನ್ನೂ ಅವನು ಕಟ್ಟುವುದಿಲ್ಲ, ಕಟ್ಟುವವರು ಬೇರೆ, ಇವನು ಬರೀ ಚಿತ್ರ ತೆಗೆಯುತ್ತಾನೆ ಎಂಬುದು ಹೆತ್ತ ತಾಯಿಗೆ ತಿಳಿಯುವುದಕ್ಕೇ ಎರಡು ವರ್ಷ ಹಿಡಿಯಿತು.

ಈ ಕುಲದವರನ್ನು ಗುರುತು ಹಿಡಿಯುವುದು ಸುಲಭ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಿಂದ ಘಟಪ್ರಭಾದಲ್ಲಿ ಇಳಿಯುವಾಗ ಬೆನ್ನಿಗೆ ಕಂಪನಿಯ ಚೀಲ, ಕಿಸೆಯಲ್ಲಿ ಪೆನ್ನು. ಖಾಲಿ ಜಾಗ ಕಂಡರೆ ಕೈ ಕಡಿಯುತ್ತದೆ. ಒಂದು ಡಬ್ಬಿ ಬರೆದು, ಪಕ್ಕದಲ್ಲಿ ಇನ್ನೊಂದು ಡಬ್ಬಿ ಬರೆದು, ನಡುವೆ ಬಾಣ ಎಳೆಯುವ ತನಕ ಸಮಾಧಾನವಿಲ್ಲ. ನಮ್ಮವನು ಲಗ್ನಪತ್ರಿಕೆಗಳ ಬೆನ್ನನ್ನೆಲ್ಲ ತುಂಬಿಸಿ ಮುಗಿಸಿದ್ದಾನೆ. ಹುಕ್ಕೇರಿಯ ಬೀಗರ ಮನೆಯಲ್ಲಿ ಊಟಕ್ಕೆ ಕುಳಿತಾಗ ಹೋಳಿಗೆಯಿಂದ ಪಲ್ಯದವರೆಗೆ ತುಪ್ಪದಲ್ಲಿ ಬಾಣ ಎಳೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಂದು ಬೀಗರು, ನಮ್ಮ ತಾಲ್ಲೂಕಿನ ಹಳ್ಳಿಗಳಿಗೆ ಕರೆಂಟು ಕೊಡುವುದು ಹೆಸ್ಕಾಂ ಅಲ್ಲ, 1969ರ ನಮ್ಮದೇ ಸಹಕಾರಿ ಸಂಘ ಎಂದು ಅಭಿಮಾನದಿಂದ ಹೇಳುತ್ತಿದ್ದರು.

"ಇಂಡಿಪೆಂಡೆಂಟ್ ಸರ್ವಿಸ್ ಅಂದ್ರ ಇದ ನೋಡ್ರಿ ಮಾವಾರ!" ಎಂದು ಇವನು ಕುಣಿದ.

"ಕರೆಂಟ್ ಮಾತ್ರ ಹೊರಗಿಂದ ಕೊಳ್ಳತೀವ್ರಿ" ಎಂದರು ಬೀಗರು.

"ಅದು ಡಿಪೆಂಡೆನ್ಸಿ" ಎಂದು ಎಲೆಯ ಮೇಲೆ ಇನ್ನೊಂದು ಬಾಣ ಎಳೆದ. ಹೋಳಿಗೆ ಆರಿ ಹೋಯಿತು.

ಅವನಿಗೆ ಸರಿಯಾಗಿ ಸಿಕ್ಕವಳು ನಮ್ಮ ಆಯಿ. ಒಂದು ಸಂಜೆ ಫೋನಿನಲ್ಲಿ "ಎಂಟರ್‌ಪ್ರೈಸ್ ಸರ್ವಿಸ್ ಬಸ್, ಎಂಟರ್‌ಪ್ರೈಸ್ ಸರ್ವಿಸ್ ಬಸ್" ಎಂದು ಒದರುತ್ತಿದ್ದ. ಆಯಿ ಕಿವಿ ನಿಮಿರಿಸಿ, "ಅದು ಯಾದವಾಡಕ್ಕ ನಿಲ್ತೈತೇನೋ?" ಎಂದಳು. ಇವನು ನಗಲಿಲ್ಲ, ಈ ಕುಲದವರು ನಗುವುದಿಲ್ಲ, ವಿವರಿಸುತ್ತಾರೆ. ದೊಡ್ಡ ಕಂಪನಿಯಲ್ಲಿ ಪಗಾರದ್ದೊಂದು ಸಿಸ್ಟಮ್, ಸರಕಿನದೊಂದು, ಲೆಕ್ಕದ್ದೊಂದು. ಒಂದಕ್ಕೊಂದು ನೇರ ಮಾತಾಡಿದರೆ ಗದ್ದಲ. ಎಲ್ಲರೂ ತಮ್ಮ ಸಂದೇಶವನ್ನು ಈ ಬಸ್ಸಿನ ಕೈಗೆ ಕೊಡುತ್ತಾರೆ, ಅದು ಮುಟ್ಟಿಸುತ್ತದೆ ಎಂದ.

"ನೀ ಗೋಕಾಕದಾಗ ಹಾಸ್ಟೆಲಿನ್ಯಾಗ ಇದ್ದಾಗ ಕಂಡಕ್ಟರನ ಕೈಯಾಗ ಬುತ್ತಿ ಡಬ್ಬಿ ಕೊಟ್ಟ ಕಳಸ್ತಿದ್ದಿನಲ್ಲ, ಹಂಗನು?"

ಅವನು ಎರಡು ನಿಮಿಷ ಸುಮ್ಮನಿದ್ದು, ಹೌದೆಂದ.

ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದದ್ದೂ ಅವನ ಪ್ರಕಾರ ಸಾಫ್ಟ್‌ವೇರ್ ವಿದ್ಯೆಯೇ. ಒಂದೇ ದೊಡ್ಡ ಬಂಡೆಯಂಥ ಸಿಸ್ಟಮ್ ಇದ್ದರೆ ಮೋನೊಲಿಥ್, ಒಡೆದು ಸಣ್ಣ ಸಣ್ಣದು ಮಾಡಿದರೆ ಮೈಕ್ರೋಸರ್ವಿಸ್. ಒಡೆದರೂ ಎಲ್ಲರೂ ಒಂದೇ ಡೇಟಾಬೇಸಿಗೆ ಕೈ ಹಾಕುತ್ತಿದ್ದರೆ ಒಡೆದದ್ದು ದಂಡ ಎಂದೂ ಸೇರಿಸಿದ. ಇದು ನನಗೆ ಥಟ್ಟನೆ ತಿಳಿಯಿತು. ನಾನೂ ಅಣ್ಣನೂ ಬೇರೆಯಾಗಿ ಹನ್ನೆರಡು ವರ್ಷವಾಯಿತು. ಮನೆಗೆ ನಡುಗೋಡೆ ಬಂತು, ಹೊಲಕ್ಕೆ ಬದು ಬಂತು. ಬಾವಿ ಮಾತ್ರ ಒಂದೇ. ಮೋಟರ್ ಚಾಲೂ ಮಾಡುವ ಪಾಳಿಗೆ ಇವತ್ತಿಗೂ ತಕರಾರು.

ಹೋದ ಹಂಗಾಮಿನಲ್ಲಿ ಅವನು ದೀಪಾವಳಿಗೆ ಬಂದಾಗ ಅಣ್ಣನ ಕಬ್ಬಿಗೆ ಸೂಲಂಗಿ ಬಂದಿತ್ತು, ಕಟಾವಿನ ಪಾಳಿ ಬಂದಿರಲಿಲ್ಲ. ಕಾರ್ಖಾನೆಯ ಆ್ಯಪ್ ನೋಡಿದರೆ ಅಣ್ಣನ ಹೆಸರಿನ ಮುಂದೆ "ಕಟಾವು ಆಗಿದೆ" ಎಂದು ಹಸಿರು ಬಣ್ಣದಲ್ಲಿ ಬರೆದಿದೆ. ಹೊಲದಲ್ಲಿ ಆಳೆತ್ತರದ ಕಬ್ಬು ಗಾಳಿಗೆ ತಲೆ ಆಡಿಸುತ್ತಿದೆ. ಯಾವ ಕಾರ್ಖಾನೆ ಎಂದು ಹೇಳುವುದಿಲ್ಲ. ನಮ್ಮ ಮೂರು ತಾಲ್ಲೂಕಿನಲ್ಲಿ ಚಿಮಣಿಗಳಿಗೇನು ಕೊರತೆ?

ಆರ್ಕಿಟೆಕ್ಟ್‌ಗೆ ಹಬ್ಬವಾಯಿತು. ಗೋಕಾಕದಿಂದ ತಂದಿದ್ದ ಕರದಂಟಿನ ಬಾಕ್ಸಿನ ಮುಚ್ಚಳ ಬೋರಲು ಹಾಕಿ, ಅಂಟಿದ್ದ ತುಪ್ಪ ಒರೆಸಿ, ಬರೆಯತೊಡಗಿದ. ಕಬ್ಬು ನೋಂದಣಿ ಒಂದು ಡಬ್ಬಿ, ತೂಕದ ಕಾಟಾ ಒಂದು ಡಬ್ಬಿ, ಬಿಲ್ಲು ಮಾಡುವ ಅಕೌಂಟ್ಸ್ ಒಂದು ಡಬ್ಬಿ. ಮೂರಕ್ಕೂ ಮೂರು ಕಂಪನಿಯ ಸಾಫ್ಟ್‌ವೇರು. ಅಣ್ಣನ ಹೆಸರು ಒಂದರಲ್ಲಿ ಅಡ್ಡಹೆಸರಿನಿಂದ ಶುರು, ಇನ್ನೊಂದರಲ್ಲಿ ಅಡ್ಡಹೆಸರು ಕೊನೆಗೆ, ಮತ್ತೊಂದರಲ್ಲಿ ನಮ್ಮ ಅಪ್ಪನ ಹೆಸರೇ ಅಡ್ಡಹೆಸರು. ಹೀಗೇಕೆ ಎಂದರೆ ಮೆಲ್ವಿನ್ ಕಾನ್ವೇ ಎಂಬಾತ 1968ರಲ್ಲೇ ಬರೆದಿಟ್ಟಿದ್ದಾನಂತೆ: ಸಂಸ್ಥೆಯೊಳಗೆ ಯಾರು ಯಾರ ಕೂಡ ಮಾತಾಡುತ್ತಾರೋ, ಅವರು ಕಟ್ಟುವ ಸಿಸ್ಟಮ್‌ಗೂ ಅದೇ ಆಕಾರ ಬರುತ್ತದೆ. ಕಬ್ಬಿನ ವಿಭಾಗದ ಸಾಹೇಬರೂ ಅಕೌಂಟ್ಸ್ ಸಾಹೇಬರೂ ಒಂದೇ ಅಂಗಡಿಯಲ್ಲಿ ಚಹಾ ಕುಡಿಯದಿದ್ದರೆ ಅವರ ಕಂಪ್ಯೂಟರುಗಳೂ ಕುಡಿಯುವುದಿಲ್ಲ. ಈ ಕಾನ್ವೇ ನಮ್ಮ ಮನೆಯ ನಡುಗೋಡೆ ನೋಡಿಕೊಂಡೇ ಬರೆದನೋ ಏನೋ.

"ಡಬ್ಬಿ ತಿಳೀತು. ಈ ಬಾಣ ಅಂದ್ರೇನೋ?" ಎಂದ ಅಣ್ಣ.

ಅಷ್ಟರಲ್ಲಿ ಅಂಗಳದಲ್ಲಿ ಸ್ಪ್ಲೆಂಡರ್ ನಿಂತಿತು. ಕಾರ್ಖಾನೆಯ ಸ್ಲಿಪ್ ಬಾಯ್. ಬಾಯ್ ಎಂದರೂ ವಯಸ್ಸು ಐವತ್ತರ ಮೇಲೆ. ಅಂಗಿ ಕಿಸೆಯಿಂದ ರಬ್ಬರು ಸುತ್ತಿದ ಡೈರಿ ತೆಗೆದ. ಅಂಚೆಲ್ಲ ಬೆವರಿಗೆ ಮೆತ್ತಗಾಗಿ, ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಹೆಬ್ಬೆರಳಿಗೆ ಉಗುಳು ಹಚ್ಚಿ ಎರಡು ಹಾಳೆ ತಿರುವಿದ್ದೇ ತಡ, ಎಲ್ಲ ಸಿಕ್ಕಿತು: ನಾಟಿಯೋ ಕುಳೆಯೋ, ಲಾವಣಿಯ ತಾರೀಖು, ಯಾವ ಟೋಳಿ ಯಾರ ಹೊಲದಲ್ಲಿದೆ, ಟ್ರ್ಯಾಕ್ಟರಿನವನ ನಂಬರು, ಯಾರ ಮನೆಯಲ್ಲಿ ಮಗಳ ಲಗ್ನವಿದೆ, ಹಾಗಾಗಿ ಯಾರದು ಮೊದಲು ಹೋಗಬೇಕು.

"ಕಟಾವ್ ಆಗಿದ್ದು ನಿಮ್ಮ ಕಾಕಾರ ಹೊಲಾರಿ" ಎಂದು ನನ್ನ ಕಡೆ ಗದ್ದ ಎತ್ತಿ ತೋರಿಸಿದ. "ಇಬ್ಬರದೂ ಸರ್ವೆ ನಂಬರ್ ಒಂದ, ಹಿಸ್ಸಾ ಬ್ಯಾರೆ. ಕಂಪ್ಯೂಟರಿನ್ಯಾಗ ಹಿಸ್ಸಾ ಬರಿಯಾಕ ಜಾಗಾನ ಇಲ್ಲ. ನಾಳೆ ಟೋಳಿ ಕಳಸ್ತೀನಿ, ಚಿಂತಿ ಮಾಡಬ್ಯಾಡ್ರಿ."

ಆರ್ಕಿಟೆಕ್ಟ್ ಮುಚ್ಚಳವನ್ನೂ ಸ್ಪ್ಲೆಂಡರನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಮೂರೂ ಡಬ್ಬಿಗಳ ನಡುವೆ ಇನ್ನೊಂದು ಡಬ್ಬಿ ತುರುಕಿ "ಲೆಗಸಿ" ಎಂದು ಬರೆದ.

"ಹಂಗಂದ್ರೇನ್ರಿ ಸಾಹೇಬ್ರ?"

"ಹಳೇದು. ಆದ್ರ ತಗದ ಹಾಕಿದ್ರ ಎಲ್ಲಾ ನಿಂತ ಹೋಗತೈತಿ."

"ಹಂಗ ಇಂಗ್ಲೀಷಿನ್ಯಾಗ ಒಂದ ಅರ್ಜಿ ಬರದ ಕೊಡ್ರಿ, ನನ್ನ ಇನ್ನೂ ಪರ್ಮನೆಂಟ್ ಮಾಡಿಲ್ಲ."

ಮರುದಿನ ಟೋಳಿ ಬಂತು, ಕಬ್ಬು ಹೋಯಿತು, ಆರ್ಕಿಟೆಕ್ಟನೂ ಹೋದ. ಮುಚ್ಚಳವನ್ನು ಅತ್ತಿಗೆ ಮಜ್ಜಿಗೆ ಗಡಿಗೆಯ ಮೇಲೆ ಮುಚ್ಚಿದಳು. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ದುಡ್ಡೇನೋ ಬಂತು. ಬಂದದ್ದು ನನ್ನ ಖಾತೆಗೆ, ಅದೂ ಎರಡನೇ ಸಲ. ಅಣ್ಣನ ಆ್ಯಪಿನಲ್ಲಿ "ಪಾವತಿ ಆಗಿದೆ" ಎಂದು ಹಸಿರು ಬಣ್ಣ.

ಬೆಂಗಳೂರಿಗೆ ಫೋನ್ ಹಚ್ಚಿದೆ. "ಕಾಕಾ, ಅದು ಮಾಸ್ಟರ್ ಡೇಟಾ ಪ್ರಾಬ್ಲೆಮ್. ಒಂದು ಇಂಟಿಗ್ರೇಶನ್ ಲೇಯರ್ ಹಾಕಬೇಕು..." ಎಂದು ಶುರು ಮಾಡಿದ. ಪೆನ್ನಿನ ಮುಚ್ಚಳ ತೆಗೆದ ಸಪ್ಪಳ ನನಗಿಲ್ಲಿ ಕೇಳಿಸಿತು.

ಬ್ಯಾಂಕಿಗೆ ಹೋಗಿ ದುಡ್ಡು ಬಿಡಿಸಿ, ಟವೆಲ್ಲಿನಲ್ಲಿ ಸುತ್ತಿಕೊಂಡು, ನಡುಗೋಡೆ ಬಳಸಿ ಅಣ್ಣನ ಪಡಸಾಲೆಗೆ ಹೋದೆ. ಅವನು ಕಂಬಕ್ಕೆ ಒರಗಿ ಕೂತು, ಬೆರಳಿಗೆ ಉಗುಳು ಹಚ್ಚಿಕೊಂಡು ಎರಡು ಸಲ ಎಣಿಸಿದ.