ದನಿ ಇದೆ, ಮುಖವಿಲ್ಲ: ಗೋಡೆಯಿಂದ ಇಳಿದ ಟಿವಿಯೊಡನೆ ಮಾತುಕತೆ

ಬೆಂಗಳೂರಿನ ಎಸ್.ಪಿ. ರೋಡಿನ ಸಂದಿಯೊಂದರಲ್ಲಿ, ಮೆಟ್ಟಿಲ ಕೆಳಗೆ ಒಂದು ರಿಪೇರಿ ಅಂಗಡಿ. 43 ಇಂಚಿನ ಎಲ್‌ಇಡಿ ಟಿವಿಯೊಂದು ಥರ್ಮಾಕೋಲ್ ಹಾಳೆಯ ಮೇಲೆ ನಿಂತು ಗೋಡೆಗೆ ಒರಗಿದೆ. ಜನನ 2019, ವಾಸ ರಾಜಾಜಿನಗರದ ಬಾಡಿಗೆ ಮನೆ, ಕಾಯಿಲೆ: ದನಿ ಬರುತ್ತದೆ, ಚಿತ್ರ ಬರುವುದಿಲ್ಲ. ಕಂಪನಿಯ ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ ಅದು ಸಂದರ್ಶನಕ್ಕೆ ಒಪ್ಪಿತು. ಮೆಕ್ಯಾನಿಕ್ ಊಟಕ್ಕೆ ಹೋಗಿದ್ದರು.

ನಾವು: ನಮಸ್ಕಾರ. ನಿಮ್ಮ ಮುಖವೇ ಕಾಣುತ್ತಿಲ್ಲವಲ್ಲ?

ಟಿವಿ: ಮೊಬೈಲ್ ಟಾರ್ಚ್ ಹಾಕಿ ಸ್ವಾಮಿ. ಪರದೆಗೆ ಹತ್ತಿರ ಹಿಡೀರಿ, ಸ್ವಲ್ಪ ಓರೆಯಾಗಿ. ಏನಾದರೂ ಕಂಡಿತೇ?

ನಾವು: ಮಸುಕಾಗಿ ಯಾರೋ ಹೆಂಗಸು. ದೊಡ್ಡ ಕುಂಕುಮ ಇಟ್ಟುಕೊಂಡು ಕಣ್ಣರಳಿಸಿ ನೋಡುತ್ತಿದ್ದಾರೆ.

ಟಿವಿ: ಮಧ್ಯಾಹ್ನದ ಸೀರಿಯಲ್ಲಿನ ಅತ್ತೆ. ನೋಡಿ, ಚಿತ್ರ ಇದೆ, ಬೆಳಕಿಲ್ಲ ಅಷ್ಟೆ. ನನ್ನ ಗಾಜಿಗೆ ತಾನಾಗಿ ಬೆಳಗುವ ಗುಣ ಇಲ್ಲ. ಹೆಸರಿಗೆ ಎಲ್‌ಇಡಿ ಟಿವಿ, ಜಾತಿಯಲ್ಲಿ ಎಲ್‌ಸಿಡಿಯೇ. ಮೊದಲು ನಮ್ಮ ಬೆನ್ನ ಹಿಂದೆ ಸಣ್ಣ ಟ್ಯೂಬ್‌ಲೈಟುಗಳಿದ್ದವು. ಅವುಗಳ ಜಾಗಕ್ಕೆ ಎಲ್‌ಇಡಿ ಪಟ್ಟಿಗಳು ಬಂದವು. ದೀಪ ಬದಲಾದದ್ದಕ್ಕೆ ನಾಮಕರಣವನ್ನೂ ಮತ್ತೆ ಮಾಡಿ, ಖರ್ಚನ್ನು ನಿಮ್ಮ ಬಿಲ್ಲಿಗೆ ಸೇರಿಸಿದರು.

ನಾವು: ಹಾಗಾದರೆ ಕೆಟ್ಟಿರುವುದು ಏನು?

ಟಿವಿ: ಮದುವೆಮನೆಯ ಸೀರಿಯಲ್ ಸೆಟ್ ನೋಡಿದ್ದೀರಲ್ಲ? ಒಂದು ಬಲ್ಬು ಹೋದರೆ ಸಾಲಿಗೆ ಸಾಲೇ ಆರುತ್ತದೆ. ನನ್ನ ಬೆನ್ನಿನಲ್ಲೂ ಅದೇ ಏರ್ಪಾಡು. ಕಡಲೆಬೇಳೆಗಿಂತ ಚಿಕ್ಕ ಎಲ್‌ಇಡಿ ಒಂದು ಹೋಯಿತು. ಏನೋ ಎಡವಟ್ಟಾಗಿದೆ ಎಂದು ಸರ್ಕ್ಯೂಟು ಎಲ್ಲ ದೀಪಗಳನ್ನೂ ಆರಿಸಿತು. ಅದಕ್ಕೇ ಆನ್ ಮಾಡಿದ ಕೂಡಲೇ ಒಂದು ಕ್ಷಣ ಮಿಂಚಿ ಕಪ್ಪಾಗುತ್ತೇನೆ. ಮನೆಯ ಯಜಮಾನರು ಮಾತ್ರ ಬೀದಿಗೆಲ್ಲ ಕೇಳುವ ಹಾಗೆ ಸಾರಿದರು: ‘ಈ ಕಂಪನಿ ಟಿವಿ ಸುಖವಿಲ್ಲ!’

ನಾವು: ಅದೇ ಯಜಮಾನರು ನಿಮ್ಮನ್ನು ತಂದಾಗ ಏನೆಂದಿದ್ದರು?

ಟಿವಿ: ‘ತಗೊಂಡರೆ ಇದೇ ಕಂಪನಿದು ತಗೋಬೇಕು’ ಎಂದು ಬಂದ ನೆಂಟರಿಗೆಲ್ಲ ಹೇಳಿದರು. ಆಗಿನ್ನೂ ನನ್ನ ಮುಖದ ಪ್ಲಾಸ್ಟಿಕ್ಕು ಕಿತ್ತಿರಲಿಲ್ಲ. ಟಿವಿಯ ಬಾಳಿಕೆಯ ಬಗ್ಗೆ ಜನ ಬಾಯಿಬಿಡುವುದು ಎರಡೇ ಸಲ, ತಂದ ವಾರ ಮತ್ತು ಕೆಟ್ಟ ದಿನ. ನಡುವೆ ವರ್ಷಗಟ್ಟಲೆ ಸುಮ್ಮನೆ ದುಡಿದದ್ದಕ್ಕೆ ಸಾಕ್ಷಿ ಹೇಳುವವರೇ ಇಲ್ಲ. ‘ನಿನ್ನೆ ನಮ್ಮ ಟಿವಿ ಕೆಡಲಿಲ್ಲ ಕಣ್ರೀ’ ಎಂದು ಪಕ್ಕದ ಮನೆಗೆ ಹೋಗಿ ಹೇಳಿದವರನ್ನು ನೀವು ಕಂಡಿದ್ದೀರಾ?

ನಾವು: ಆದರೂ ಕೆಲವು ಕಂಪನಿಗಳು ಗಟ್ಟಿ, ಕೆಲವು ಪೊಳ್ಳು ಅನ್ನುತ್ತಾರೆ.

ಟಿವಿ: ಸ್ವಲ್ಪ ಮಟ್ಟಿಗೆ ನಿಜ. ಆದರೆ ನನ್ನ ಮೈಯಲ್ಲಿ ಅತಿ ದುಬಾರಿ ಭಾಗ ಪ್ಯಾನಲ್ಲು. ಅದನ್ನು ಮಾಡುವ ದೊಡ್ಡ ಕಾರ್ಖಾನೆಗಳು ಜಗತ್ತಿನಲ್ಲಿ ಬೆರಳೆಣಿಕೆ: ಚೀನಾದ ಬಿಒಇ, ಟಿಸಿಎಲ್ ಬಳಗದ ಸಿಎಸ್‌ಒಟಿ, ತೈವಾನಿನ ಎಯುಒ, ಇನ್ನೊಲಕ್ಸ್, ಹೀಗೆ. ಸ್ಯಾಮ್‌ಸಂಗ್ ಅಂಥ ಸ್ಯಾಮ್‌ಸಂಗೇ 2022ರಲ್ಲಿ ಎಲ್‌ಸಿಡಿ ಪ್ಯಾನಲ್ ತಯಾರಿಕೆ ನಿಲ್ಲಿಸಿತು. ಶೋರೂಮಿನ ಗೋಡೆಯ ಮೇಲೆ ಬೇರೆ ಬೇರೆ ಹೆಸರು ಹೊತ್ತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುವ ನಾವು ಎಷ್ಟೋ ಸಲ ಒಂದೇ ಹೊಟ್ಟೆಯ ಮಕ್ಕಳು. ಇನ್ನು ಒಂದೇ ಕಂಪನಿಯ ಒಂದೇ ಮಾಡೆಲ್ಲಿನ ಎರಡು ಪೆಟ್ಟಿಗೆಯೊಳಗೆ ಎರಡು ಕಾರ್ಖಾನೆಯ ಪ್ಯಾನಲ್ ಇರುವುದೂ ಉಂಟು. ನಿಮ್ಮ ಭಾವಮೈದುನ ‘ನಮ್ಮನೇದು ಹತ್ತು ವರ್ಷವಾದರೂ ಏನೂ ಆಗಿಲ್ಲ’ ಎಂದು ಮೀಸೆ ತಿರುವಿದರೆ ಅದು ಅವನ ಮನೆಯ ಟಿವಿಯ ಮಾತು, ಅಷ್ಟಕ್ಕೇ ಬಿಡಿ.

ನಾವು: ವಾರಂಟಿ ಮುಗಿದ ಮರುದಿನವೇ ಕೆಡುವ ಹಾಗೆ ನಿಮ್ಮೊಳಗೆ ಏನೋ ಇಟ್ಟಿರುತ್ತಾರಂತೆ?

ಟಿವಿ: ಅಷ್ಟು ಕರಾರುವಾಕ್ಕಾಗಿ ಕೆಡಿಸುವ ಜಾಣತನ ಇದ್ದಿದ್ದರೆ ರಿಮೋಟನ್ನಾದರೂ ನೆಟ್ಟಗೆ ಮಾಡುತ್ತಿದ್ದರು. ಹುಟ್ಟಿನಲ್ಲೇ ದೋಷ ಇರುವ ಟಿವಿಗಳು ಬೇಗ ಕೈಕೊಡುತ್ತವೆ, ಅವು ಒಂದು ವರ್ಷದ ವಾರಂಟಿಯೊಳಗೇ ಸಿಗುತ್ತವೆ. ಆಮೇಲೆ ಕೆಲವು ವರ್ಷ ಎಲ್ಲ ಶಾಂತ. ಅದು ಕಳೆದ ಮೇಲೆ ಸವಕಳಿ ಶುರು. ಕಂಪನಿಗಳು ಒಳಗೆ ಟೈಂಬಾಂಬ್ ಇಡುವುದಿಲ್ಲ, ನಾಲ್ಕು ಕಾಸು ಉಳಿಸುತ್ತವೆ. ಪವರ್ ಬೋರ್ಡಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗೆ ಶಾಖ ಪ್ರತಿ 10 ಡಿಗ್ರಿ ಏರಿದಾಗಲೂ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅಗ್ಗದ್ದನ್ನು ತಂದು, ಬಿಸಿಯಾಗುವ ಭಾಗದ ಪಕ್ಕದಲ್ಲೇ ಕೂರಿಸಿದರೆ ಮುಗಿಯಿತು. ತಲೆ ಊದಿಕೊಂಡು ಒಂದು ದಿನ ಕೆಲಸ ಬಿಡುತ್ತದೆ. ಟಿವಿಯನ್ನು ತೆಳ್ಳಗೆ ಮಾಡುವ ಹುಚ್ಚಿನಲ್ಲಿ ಗಾಳಿಯಾಡುವ ಜಾಗವನ್ನೂ ಕಿತ್ತುಕೊಂಡರು. ಅದನ್ನು ‘ಸ್ಲಿಮ್ ಡಿಸೈನ್’ ಎಂದು ಮೆಚ್ಚಿ ಕೊಂಡವರು ನೀವೇ.

ನಾವು: ತಪ್ಪೆಲ್ಲ ನಮ್ಮದೇ ಅನ್ನುವ ಹಾಗಿದೆ.

ಟಿವಿ: ಎಲ್ಲವೂ ಅಲ್ಲ, ಪಾಲು ಮಾತ್ರ. ಶೋರೂಮಿನ ಝಗಮಗ ಬೆಳಕಿನಲ್ಲಿ ಪಕ್ಕದವನಿಗಿಂತ ಎದ್ದು ಕಾಣಲಿ ಎಂದು ನಮ್ಮನ್ನು ‘ವಿವಿಡ್’ ಮೋಡ್‌ನಲ್ಲಿ ನಿಲ್ಲಿಸಿರುತ್ತಾರೆ. ಮನೆಗೆ ತಂದ ಮೇಲೂ ನೀವು ಅದೇ ಬಣ್ಣ ಬೇಕು ಅನ್ನುತ್ತೀರಿ. ರಾತ್ರಿ ಹತ್ತಕ್ಕೆ ದೀಪ ಆರಿಸಿ, ಕೋಣೆಯ ಕತ್ತಲಲ್ಲಿ ಬ್ಯಾಕ್‌ಲೈಟ್ ನೂರಕ್ಕೆ ನೂರು! ಹಿಂದಿನ ಎಲ್‌ಇಡಿಗಳು ಪೂರ್ತಿ ಕರೆಂಟು ಕುಡಿದು ಬೇಯುತ್ತವೆ. ಬ್ಯಾಕ್‌ಲೈಟನ್ನು ಐವತ್ತು ಅರವತ್ತಕ್ಕೆ ಇಳಿಸಿದರೆ ಕಣ್ಣಿಗೂ ಹಿತ, ನನಗೂ ಆಯಸ್ಸು. 2020ರ ಲಾಕ್‌ಡೌನಿನಲ್ಲಿ ದೂರದರ್ಶನ ‘ರಾಮಾಯಣ’ವನ್ನು ಮತ್ತೆ ಹಾಕಿತಲ್ಲ, ಆಗ ಬೆಳಿಗ್ಗೆ ರಾಮಾಯಣ, ಮಧ್ಯಾಹ್ನ ಹಳೇ ಸೀರಿಯಲ್, ಸಂಜೆ ಕೊರೊನಾ ಚರ್ಚೆ, ರಾತ್ರಿ ಸಿನಿಮಾ. ಊರಿಗೆಲ್ಲ ಕೆಲಸವಿಲ್ಲ, ನನಗೊಂದಕ್ಕೆ ರಜೆಯಿಲ್ಲ.

ನಾವು: ಪೆಟ್ಟು ಬಿದ್ದದ್ದುಂಟೇ?

ಟಿವಿ: ನನ್ನನ್ನು ತಂದದ್ದೇ 2019ರ ವಿಶ್ವಕಪ್ ಕ್ರಿಕೆಟ್‌ಗಾಗಿ. ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡಿನ ಗಪ್ಟಿಲ್ ಎಸೆದ ಚೆಂಡಿಗೆ ಧೋನಿ ರನೌಟ್. ಮರುಕ್ಷಣ ನಮ್ಮ ಯಜಮಾನರ ಕೈಯಿಂದ ರಿಮೋಟ್ ಹೊರಟಿತು. ಗಪ್ಟಿಲ್‌ನ ಗುರಿ ಅವರಿಗಿರಲಿಲ್ಲ, ಗೋಡೆಗೆ ಬಡಿಯಿತು, ಬಚಾವಾದೆ. ಹಳೆಯ ಡಬ್ಬಾ ಟಿವಿಗಳಿಗೆ ಚಿತ್ರ ಕುಣಿದಾಗ ತಲೆ ಮೇಲೆ ಒಂದು ಬಿಟ್ಟರೆ ಸರಿಹೋಗುತ್ತಿತ್ತು. ಒಳಗೆಲ್ಲೋ ಬಿಟ್ಟಿದ್ದ ಬೆಸುಗೆ ಏಟಿಗೆ ಕೂಡಿಕೊಳ್ಳುತ್ತಿತ್ತು. ಆ ಚಿಕಿತ್ಸೆ ನನಗೆ ಮಾಡಿದರೆ ಉಳಿಯುವುದು ಸ್ಟ್ಯಾಂಡು ಮಾತ್ರ.

ನಾವು: ಪೂಜೆಗೀಜೆ ಮಾಡುತ್ತಿದ್ದರೇ?

ಟಿವಿ: ಅದೇ ದೊಡ್ಡ ಗಂಡಾಂತರ ಸ್ವಾಮಿ. ಆಯುಧಪೂಜೆಯ ಹಿಂದಿನ ದಿನ ಅಮ್ಮಾವ್ರು ಹಳೇ ಬನಿಯನ್ನನ್ನು ನೀರಿನಲ್ಲಿ ಅದ್ದಿ, ಅರೆಬರೆ ಹಿಂಡಿ, ನನ್ನ ಮುಖ ತೊಳೆದರು. ಒಂದು ಹನಿ ಮೆಲ್ಲಗೆ ಇಳಿಯಿತು. ಗಾಜಿನ ಕೆಳಗೆ ಪ್ಲಾಸ್ಟಿಕ್ ಚೌಕಟ್ಟಿನ ಸಂದಿ ಇದೆಯಲ್ಲ, ಹಲವು ಪ್ಯಾನಲ್‌ಗಳಲ್ಲಿ ಅದರ ಹಿಂದೆಯೇ ಚಿತ್ರವನ್ನು ಗಾಜಿಗೆ ಮುಟ್ಟಿಸುವ ತೆಳುವಾದ ರಿಬ್ಬನ್‌ಗಳೂ ಅವುಗಳ ಮೇಲೆ ಐಸಿಗಳೂ ಇರುತ್ತವೆ. ಹನಿ ಅಲ್ಲಿಗೆ ಮುಟ್ಟಿದರೆ ಪರದೆಯ ಮೇಲೆ ಉದ್ದುದ್ದ ಗೆರೆ. ನನ್ನ ಪುಣ್ಯ, ಹನಿ ಸಂದಿಯ ಬಾಯಲ್ಲೇ ಆರಿತು. ಎದುರುಮನೆಯ 32 ಇಂಚಿನವನಿಗೆ ಆ ಭಾಗ್ಯ ಇರಲಿಲ್ಲ. ‘ತಾನಾಗೇ ಲೈನ್ ಬಂತು’ ಎಂದು ಅವರ ಮನೆಯವರು ಕಂಪ್ಲೇಂಟ್ ಕೊಟ್ಟರು. ಬಂದ ಹುಡುಗ ಕೆಳಅಂಚಿಗೆ ಟಾರ್ಚ್ ಬಿಟ್ಟು ಒಣಗಿದ ನೀರಿನ ಕಲೆ ತೋರಿಸಿದ. ನೀರು ಬಿದ್ದದ್ದಕ್ಕೆ ವಾರಂಟಿ ಇಲ್ಲ. ಭಕ್ತಿಯಿಂದ ಬಿದ್ದದ್ದಾದರೂ ಅಷ್ಟೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು. ಕುಂಕುಮ ಬೇಕೇಬೇಕು ಅಂದರೆ ಸ್ಟ್ಯಾಂಡಿಗೆ ಹಚ್ಚಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ನಾವು: ಹಳ್ಳಿ, ಮಲೆನಾಡಿನ ಕಡೆ ನಿಮ್ಮವರ ಪಾಡು ಹೇಗೆ?

ಟಿವಿ: ಅಲ್ಲಿ ವೈರಿ ಆಕಾಶದಲ್ಲಿದ್ದಾನೆ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ತೀರ್ಥಹಳ್ಳಿ ಕಡೆ ಎಲ್ಲರೂ ಓಡಿಬಂದು ಪ್ಲಗ್ ಕೀಳುತ್ತಾರೆ. ಡಿಶ್‌ನಿಂದ ಬರುವ ಕೇಬಲ್ ಮಾತ್ರ ಹಾಗೇ ಇರುತ್ತದೆ. ಸಿಡಿಲು ಹತ್ತಿರ ಬಿದ್ದರೆ ಅದರ ಹೊಡೆತ ಆ ತಂತಿಯಲ್ಲೇ ಇಳಿದು, ಸೆಟ್‌ಟಾಪ್ ಬಾಕ್ಸ್ ದಾಟಿ, ಎಚ್‌ಡಿಎಂಐ ಬಾಯಿಂದ ನಮ್ಮ ಮದರ್‌ಬೋರ್ಡಿಗೆ ನುಗ್ಗುತ್ತದೆ. ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲು ತೆರೆದಿಟ್ಟವರಿಗೆ ಯಾವ ಕಂಪನಿ ಏನು ಮಾಡೀತು? ಕಾರವಾರ, ಉಡುಪಿಯ ಕಡೆ ಉಪ್ಪುಗಾಳಿಗೆ ಬೋರ್ಡಿನ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಎಲ್ಲ ಊರಿಗೂ ಸಾಮಾನ್ಯವಾದದ್ದು ಹಲ್ಲಿ. ಬೆಚ್ಚಗಿದೆ ಎಂದು ಪವರ್ ಬೋರ್ಡಿನ ಮೇಲೆ ಹೋಗಿ ಮಲಗುತ್ತದೆ. ಇಬ್ಬರ ಕಥೆಯೂ ಅಲ್ಲಿಗೆ ಮುಗಿಯುತ್ತದೆ.

ನಾವು: ನೀವು ಸ್ಮಾರ್ಟ್ ಟಿವಿಯೂ ಹೌದಲ್ಲವೇ?

ಟಿವಿ: ಮೂರು ವರ್ಷ ಸ್ಮಾರ್ಟ್ ಆಗಿದ್ದೆ. ಆಮೇಲೆ ಅಪ್‌ಡೇಟ್ ಬರುವುದು ನಿಂತಿತು, ಆ್ಯಪ್‌ಗಳು ದಪ್ಪವಾದವು, ನನ್ನ ಮೆಮೊರಿ ಇದ್ದಷ್ಟೇ ಇತ್ತು. ಯೂಟ್ಯೂಬ್ ಒತ್ತಿ ಕಾಫಿ ಬೆರೆಸಿಕೊಂಡು ಬರಬಹುದಿತ್ತು. ‘ಟಿವಿಗೆ ವಯಸ್ಸಾಯ್ತು’ ಅಂದರು. ಗಾಜಿಗೆ ಏನೂ ಆಗಿರಲಿಲ್ಲ. ಮಗಳು ಬೆರಳುದ್ದದ ಒಂದು ಸ್ಟಿಕ್ ತಂದು ಹಿಂದೆ ಚುಚ್ಚಿದಳು, ಮತ್ತೆ ಓಡತೊಡಗಿದೆ. ನಮ್ಮನೆಯಲ್ಲಿ ಬುದ್ಧಿ ಇದ್ದದ್ದು ಅವಳೊಬ್ಬಳಿಗೆ.

ನಾವು: ಈಗಿನ ಕಾಯಿಲೆಗೆ ಕಂಪನಿಯವರನ್ನು ಕರೆಸಲಿಲ್ಲವೇ?

ಟಿವಿ: ಕರೆಸಿದರು. ಬಂದವರು ಒಂದು ಸ್ಕ್ರೂವನ್ನೂ ಬಿಚ್ಚಲಿಲ್ಲ. ಒಂದು ಸಲ ಆನ್ ಮಾಡಿ, ಒಂದು ಸಲ ಆಫ್ ಮಾಡಿ, ‘ಪ್ಯಾನಲ್ ಹೋಗಿದೆ ಸಾರ್, ಇದಕ್ಕೆ ದುಡ್ಡು ಹಾಕೋ ಬದಲು ಹೊಸದೇ ತಗೊಳ್ಳಿ, ಎಕ್ಸ್‌ಚೇಂಜ್ ಆಫರ್ ಇದೆ’ ಎಂದರು. ನೋಡಿದ್ದಕ್ಕೆ ವಿಸಿಟಿಂಗ್ ಚಾರ್ಜ್ ಬೇರೆ. ಪ್ಯಾನಲ್ ಅಂದರೆ ಹೆಚ್ಚುಕಡಿಮೆ ಹೊಸ ಟಿವಿಯ ಬೆಲೆ. ಹೋಗಿದ್ದದ್ದು ಕೆಲವು ನೂರು ರೂಪಾಯಿಯ ಪಟ್ಟಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದರಿಂದ ಯಜಮಾನರ ಮನಸ್ಸೂ 55 ಇಂಚಿನ ಕಡೆ ವಾಲಿತು. ಆ ಮಗಳೇ ಆಟೋದಲ್ಲಿ ಹಾಕಿಕೊಂಡು ನನ್ನನ್ನು ಇಲ್ಲಿಗೆ ತಂದದ್ದು.

ನಾವು: ಗ್ರಾಹಕರಿಗೆ ಕಾನೂನಿನ ರಕ್ಷಣೆ ಇದೆಯಲ್ಲ?

ಟಿವಿ: ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ಬಿಲ್ ಎಲ್ಲಿ? ಬೀರುವಿನಲ್ಲಿ ಸೀರೆಗಳ ಕೆಳಗೆ ಜೋಪಾನವಾಗಿದೆ. ತೆಗೆದು ನೋಡಿದರೆ ಬಿಳೀ ಹಾಳೆ. ಶಾಖಕ್ಕೆ ಅಚ್ಚಾಗುವ ಕಾಗದದ ಮೇಲೆ ಮುದ್ರಿಸಿದ ಬಿಲ್ಲು, ಅಕ್ಷರ ಮಾಸಿಹೋಗಿದೆ. ತಂದ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ. ನನ್ನ ಜೊತೆ ಸೆಲ್ಫಿ ತೆಗೆದುಕೊಂಡವರಿಗೆ ಅದೇನು ಕಷ್ಟವಾಗಿರಲಿಲ್ಲ.

ನಾವು: ಬೇರೆ ದೇಶಗಳಲ್ಲಿ?

ಟಿವಿ: ಯುರೋಪಿನಲ್ಲಿ 2021ರಿಂದ ಒಂದು ನಿಯಮ ಇದೆ. ಒಂದು ಮಾಡೆಲ್ಲಿನ ಕೊನೆಯ ಟಿವಿ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 7 ವರ್ಷ ಪವರ್ ಸಪ್ಲೈಯಂಥ ಬಿಡಿಭಾಗಗಳು ರಿಪೇರಿಯವರಿಗೆ ಸಿಗಬೇಕು. ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಪೋರ್ಟಲ್ ತೆರೆದಿದೆ. ಹಕ್ಕು ಪೋರ್ಟಲ್ಲಿನಲ್ಲಿದೆ, ಪಟ್ಟಿ ಈ ಸಂದಿಯಲ್ಲಿದೆ.

ನಾವು: ಇಲ್ಲಿ ಆಪರೇಷನ್ ಕಷ್ಟವೇ?

ಟಿವಿ: ಪಟ್ಟಿ ಹಾಕುವುದು ಸುಲಭ, ಅದನ್ನು ತಲುಪುವುದೇ ಕಷ್ಟ. ಸುತ್ತಲ ಚೌಕಟ್ಟು ಬಿಚ್ಚಿ, ಈ ದೊಡ್ಡ ಗಾಜನ್ನು ಇಬ್ಬರು ನಿಂತು ಬಾಗದ ಹಾಗೆ ಎತ್ತಬೇಕು. ರಿಬ್ಬನ್ ಹರಿಯಬಾರದು. ಬಿಳಿ ಹಾಳೆಗಳನ್ನು ತೆಗೆದು ಅದೇ ಕ್ರಮದಲ್ಲಿ ವಾಪಸ್ ಇಡಬೇಕು. ನಡುವೆ ಒಂದು ಇರುವೆ ಸಿಕ್ಕಿಕೊಂಡರೂ ಮುಂದೆ ಪ್ರತಿ ನಾಯಕಿಗೂ ಕೆನ್ನೆಯ ಮೇಲೆ ಮಚ್ಚೆ. ಅವಸರದವನ ಕೈಗೆ ಸಿಕ್ಕಿದರೆ ಗಾಜು ಚಟ್ ಅನ್ನುತ್ತದೆ, ಕಂಪನಿಯವರು ಹೇಳಿದ ಸುಳ್ಳು ನಿಜವಾಗುತ್ತದೆ. ಅನುಭವಸ್ಥರು ಸತ್ತ ಎಲ್‌ಇಡಿ ಒಂದನ್ನೇ ಬದಲಿಸುವುದಿಲ್ಲ, ಪಟ್ಟಿಗಳನ್ನೆಲ್ಲ ಹೊಸದಾಗಿ ಹಾಕುತ್ತಾರೆ. ಉಳಿದವೂ ಅಷ್ಟೇ ಬೆಂದಿರುತ್ತವಲ್ಲ. ಹಾಕಿದ ಮೇಲೆ ಕರೆಂಟು ಸ್ವಲ್ಪ ತಗ್ಗಿಸಿ ಕೊಡುತ್ತಾರೆ.

ನಾವು: ಕೊನೆಯ ಪ್ರಶ್ನೆ. ನಾವೂ ಹೊಸ ಟಿವಿ ತಗೊಳ್ಳಬೇಕೆಂದಿದ್ದೇವೆ. ಯಾವ ಕಂಪನಿ ಒಳ್ಳೆಯದು?

ಟಿವಿ: ಇಷ್ಟು ಹೊತ್ತು ಟಾರ್ಚ್ ಹಿಡಿದು ನೋಡಿಯೂ ಇದನ್ನೇ ಕೇಳಿದಿರಲ್ಲ! ಯಾವುದರ ಬಿಡಿಭಾಗ ನಿಮ್ಮ ಊರಲ್ಲಿ ಸಿಗುತ್ತದೋ ಅದೇ ಒಳ್ಳೆಯ ಕಂಪನಿ.

ನಾವು: ಅದು ಯಾವುದೆಂದು ಯಾರನ್ನು ಕೇಳುವುದು?

ಟಿವಿ: ಮಾರುವವನನ್ನು ಕೇಳಬೇಡಿ, ಬಿಚ್ಚುವವನನ್ನು ಕೇಳಿ. ಅಗೋ, ಊಟ ಮುಗಿಸಿ ಬಂದರು.