ಕುಂಡೋದಕ ಮೀಮಾಂಸೆ

ಬಾಲ್ಕನಿಯ ಕುಂಡಕ್ಕೆ ನೀರು ಯಾವಾಗ ಎರೆಯಬೇಕೆಂಬ ವಿಷಯದಲ್ಲಿ ಪ್ರಸ್ಥಾನತ್ರಯ ಮೌನವಾಗಿರುವುದರಿಂದ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎರಡು ಪಂಥಗಳು ತಲೆಯೆತ್ತಿವೆ. ಒಂದು, ನಿತ್ಯಾಭಿಷೇಕ ಪಂಥ. ಸ್ನಾನ ಮುಗಿಸಿ ತುಳಸಿಗೆ ತಪ್ಪದೆ ಒಂದು ತಂಬಿಗೆ ಎರೆಯುವ ಇವರಿಗೆ ಗಿಡದ ಅಗತ್ಯ ಗೌಣ, ಎರೆಯುವವರ ಪುಣ್ಯ ಪ್ರಧಾನ. ಇನ್ನೊಂದು, ವಿಸ್ಮರಣ ಪಂಥ. ಊರಿಗೆ ಹೋದವರು ಹದಿನೈದು ದಿನ ಬಿಟ್ಟು ಬಂದು, ಬಕೆಟ್ಟುಗಟ್ಟಲೆ ಸುರಿದು "ಅಯ್ಯೋ ಪಾಪ" ಎನ್ನುತ್ತಾರೆ. ಈ ಪಂಥಕ್ಕೆ ಗ್ರಂಥಗಳಿಲ್ಲ; ಖಾಲಿ ಕುಂಡಗಳೇ ಶಾಸನ.

ಉಭಯರೂ ಒಪ್ಪುವ ಅನುಮಾನ ಇದು: "ಗಿಡಕ್ಕೆ ಬಾಯಾರಿದೆ, ಎಲೆ ಬಾಡಿರುವುದರಿಂದ." ನೈಯಾಯಿಕರ "ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆಯಿರುವುದರಿಂದ" ಎಂಬುದರ ತಮ್ಮನಂತೆ ಕಂಡರೂ ಇಲ್ಲಿ ಹೇತುವೇ ಹುಳುಕು. ಬೇರೂ ಉಸಿರಾಡುತ್ತದೆ. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಗಾಳಿಗೆ ಜಾಗವೆಲ್ಲಿ? ಆಮ್ಲಜನಕ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಗಟ್ಟಿದ ಬೇರು ನೀರಿನಲ್ಲೇ ನಿಂತಿದ್ದರೂ ಹೀರಲಾರದು, ಪಿಥಿಯಂನಂಥ ರೋಗಾಣುಗಳು ಸೇರಿಕೊಂಡು ಅದನ್ನು ಕೊಳೆಸುತ್ತವೆ, ಎಲೆ ಬಾಡುತ್ತದೆ. ಅದನ್ನು ಕಂಡು ಮರುಗಿದ ನಿತ್ಯಾಭಿಷೇಕಿ ಇನ್ನೊಂದು ತಂಬಿಗೆ ಎರೆಯುತ್ತಾನೆ. ತರ್ಕಶಾಸ್ತ್ರಕ್ಕೆ ಇದು ಸವ್ಯಭಿಚಾರವೆಂಬ ಹೇತ್ವಾಭಾಸ, ನರ್ಸರಿಯವರಿಗೆ ಖಾಯಂ ಗಿರಾಕಿ.

ಅನುಮಾನ ಸೋತಲ್ಲಿ ಪ್ರತ್ಯಕ್ಷವೇ ಗತಿ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ. ತಂಪು ತಗುಲಿದರೆ ತಂಬಿಗೆ ಕೆಳಗಿಡಿ. ಒಣಗಿದ್ದರೆ ತಳದ ತೂತಿನಿಂದ ನೀರು ಹೊರಬರುವತನಕ ನಿಧಾನವಾಗಿ ಎರೆಯಿರಿ. ದಿನಾ ಚಿಮುಕಿಸಿದರೆ ನೆನೆಯುವುದು ಮೇಲಿನ ಒಂದಂಗುಲ. ನೀರು ಅಲ್ಲೇ ಸಿಗುವಾಗ ಆಳಕ್ಕಿಳಿಯಲು ಬೇರಿಗೇನು ಹರಕೆಯೇ? ಕೊಳವೆಬಾವಿ ನೀರು ಬಿಟ್ಟುಹೋದ ಬಿಳಿ ಲವಣವೂ ಹೀಗೆ ಎರೆದಾಗಲೇ ತೊಳೆದುಹೋಗುವುದು.

"ತಳಕ್ಕೆ ಜಲ್ಲಿ ಹಾಸಿದ್ದೇನಲ್ಲ?" ಎಂಬ ಪೂರ್ವಪಕ್ಷ ಬಲು ಹಳೆಯದು. ನುಣುಪು ಮಣ್ಣು ತಾನು ಪೂರ್ತಿ ತೊಯ್ಯುವವರೆಗೆ ಜಲ್ಲಿಗೆ ಹನಿಯನ್ನೂ ಬಿಟ್ಟುಕೊಡುವುದಿಲ್ಲ. ತಳದಲ್ಲಿರಬೇಕಾದ ಕೆಸರು ಜಲ್ಲಿಯ ಎತ್ತರದಷ್ಟು ಮೇಲೇರಿ ಬೇರಿನ ಹತ್ತಿರಕ್ಕೇ ಬರುತ್ತದೆ. ಆದ್ದರಿಂದ ಜಲ್ಲಿ ನಿರಾಕೃತ.

ವಿಸ್ಮರಣ ಪಂಥಕ್ಕೆ ಪ್ರಾಯಶ್ಚಿತ್ತ ಬೇರೆ. ಅತಿಯಾಗಿ ಒಣಗಿದ ಕೊಕೊಪೀಟ್ ಕುಗ್ಗಿ ಅಂಚು ಬಿಡುತ್ತದೆ. ಸುರಿದದ್ದೆಲ್ಲ ಆ ಸಂದಿನಲ್ಲಿ ಜಾರಿ ಪಕ್ಕದ ಮನೆಯ ಬಟ್ಟೆಯ ಮೇಲೆ ಬೀಳುತ್ತದೆ, ವಾಗ್ವಾದವಾಗುತ್ತದೆ. ಕುಂಡವನ್ನೇ ಅರ್ಧ ಗಂಟೆ ನೀರಿನ ಬಕೆಟ್ಟಿನಲ್ಲಿ ಕೂರಿಸತಕ್ಕದ್ದು.

ಶಬ್ದಪ್ರಮಾಣವೇ ಬೇಕೆನ್ನುವವರಿಗೆ 2024ರ ಮಾರ್ಚ್‌ನ ಬೆಂಗಳೂರು ಜಲಮಂಡಳಿಯ ಆದೇಶವಿದೆ: ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ. ಅಕ್ಕಿ ತೊಳೆದ ನೀರಿನ ವಿಷಯದಲ್ಲಿ ಮಂಡಳಿಯೂ ಮೌನ, ಹಾಗಾಗಿ ಅದು ಗ್ರಾಹ್ಯ.

ಇಷ್ಟು ಓದಿದವರು ಮೊದಲು ಎದ್ದು ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ ಬನ್ನಿ. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಒಂದು ವಾರ, ಹತ್ತು ದಿನ ಸಾಕು. ಅದು ಪಂಥ ನೋಡಿ ಕಚ್ಚುವುದಿಲ್ಲ.