ಲಡಾಖ್ ಅಂಕಲ್

ನಮ್ಮ ಕ್ರಾಸಿನ ಮಕ್ಕಳು ಹೆಸರಿಡುವುದರಲ್ಲಿ ಪುರೋಹಿತರಿಗಿಂತ ಚುರುಕು. ಕುರುಬರಹಳ್ಳಿಯ ನಮ್ಮ ಬೀದಿಗೆ ಆ ಗಾಡಿ ಬಂದ ಮೂರನೆಯ ದಿನಕ್ಕೇ ಅದರ ಯಜಮಾನರು ‘ಲಡಾಖ್ ಅಂಕಲ್’ ಆಗಿಬಿಟ್ಟರು. ಅಲ್ಲಿಯ ತನಕ ಇಪ್ಪತ್ತು ವರ್ಷ ಅವರು ‘ಸ್ಪ್ಲೆಂಡರ್ ಅಂಕಲ್’. ಅದಕ್ಕೂ ಹಿಂದೆ ಏನಾಗಿದ್ದರೋ ಯಾರಿಗೂ ನೆನಪಿಲ್ಲ. ಲಡಾಖಿಗೆ ಹೋಗಿ ಬಂದಿದ್ದಾರಾ ಅಂತ ಮಾತ್ರ ಕೇಳಬೇಡಿ. ಆ ದಿಕ್ಕಿನಲ್ಲಿ ಅವರು ಈವರೆಗೆ ಮುಟ್ಟಿರುವ ತುತ್ತತುದಿ ಕ್ಯಾತ್ಸಂದ್ರ.

ವಯಸ್ಸು ನಲವತ್ತೇಳು. ಪೀಣ್ಯದಲ್ಲಿ ಕೆಲಸ, 20×30 ಸೈಟಿನಲ್ಲಿ ಮನೆ, ಮೇಲೆ ಬಾಡಿಗೆಯವರು, ಮಗಳು ಎರಡನೇ ಪಿಯುಸಿ, ಶುಗರ್ ಬಾರ್ಡರಿನಲ್ಲಿದೆ. ಇಂಥವರು ಊರಿಗೊಬ್ಬರೇನಲ್ಲ. ಕಮಲಾನಗರದಲ್ಲಿ ಒಬ್ಬರಿದ್ದಾರೆ, ಶಂಕರಮಠದ ಹತ್ತಿರ ಒಬ್ಬರಿದ್ದಾರೆ, ಮಹಾಲಕ್ಷ್ಮಿ ಲೇಔಟಿನಲ್ಲಿ ಎಣಿಸಲು ಹೋಗಬಾರದು. ಮನೆಸಾಲ ತೀರಿದ ತಿಂಗಳಿಗೂ ಇಂಥ ಗಾಡಿ ಬುಕ್ ಆದ ತಿಂಗಳಿಗೂ ನಡುವೆ ಹೆಚ್ಚು ದಿನ ಇರುವುದಿಲ್ಲ, ಬೇಕಾದರೆ ಗಮನಿಸಿ. ಕಂತು ಕಟ್ಟಿ ಕಟ್ಟಿ ಪಳಗಿದ ಕೈ. ಕಟ್ಟಲು ಏನೂ ಇಲ್ಲದಿದ್ದರೆ ಐದನೇ ತಾರೀಖು ಬಂದಾಗ ಸುಮ್ಮನೆ ನಡುಗುತ್ತದೆ.

ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. 2016ರಲ್ಲಿ ಬಂದ ಮೊದಲ ಹಿಮಾಲಯನ್ 411 ಸಿಸಿಯದು. 2023ರ ನವೆಂಬರಿನಲ್ಲಿ ಬಂದ ಈ ಹೊಸದು 452. ತೂಕ 196 ಕೆಜಿ. ಟ್ಯಾಂಕಿಗೆ 17 ಲೀಟರ್. 40 ಪಿಎಸ್ ಶಕ್ತಿ, 40 ಎನ್‌ಎಂ ಟಾರ್ಕು, ಮುಂದಿನ ಚಕ್ರ 21 ಇಂಚು. ಇಷ್ಟನ್ನೂ ನಾನು ಓದಿ ತಿಳಿದದ್ದಲ್ಲ. ತರಕಾರಿ ಚೀಲ ಹಿಡಿದು ಅವರ ಗೇಟಿನ ಮುಂದೆ ಹಾಯುವಾಗ ಕಿವಿಗೆ ಬಿದ್ದದ್ದು. ಹೊಸ ಗಾಡಿ ತಂದವರಿಗೆ ‘ಫಸ್ಟ್ ಇಂಪ್ರೆಷನ್’ ಅಂತ ಒಂದು ಕಾಯಿಲೆ ಬರುತ್ತದೆ. ಸಿಕ್ಕವರಿಗೆಲ್ಲ ಹೇಳಿ ಮುಗಿಸುವ ತನಕ ಅದು ಇಳಿಯುವುದಿಲ್ಲ. ಕೊತ್ತಂಬರಿ ಸೊಪ್ಪು ಬಾಡುವಷ್ಟು ಹೊತ್ತು ನಿಲ್ಲಿಸಿಕೊಂಡು, ಗೇರ್ ಹೇಗೆ ಬೆಣ್ಣೆಯಲ್ಲಿ ಚಾಕು ಇಳಿದಂಗೆ ಬೀಳುತ್ತದೆ, ಹಳ್ಳಕ್ಕೆ ಬಿಟ್ಟರೂ ಬೆನ್ನಿಗೆ ಹೇಗೆ ಗೊತ್ತೇ ಆಗುವುದಿಲ್ಲ ಅಂತ ವರ್ಣಿಸಿದರು. ಬೆನ್ನಿನ ವಿಷಯ ನಾನು ನಂಬಿದೆ. ನಮ್ಮ ಕಡೆ ಹಳ್ಳಗಳಿಗೆ ಕೊರತೆಯಿಲ್ಲ, ಪರೀಕ್ಷೆ ಚೆನ್ನಾಗಿಯೇ ನಡೆದಿರುತ್ತದೆ.

ಅವರು ಏನೇ ವರ್ಣಿಸಲಿ, ಕೇಳುವವರ ಹತ್ತಿರ ಇರುವುದು ಒಂದೇ ಪ್ರಶ್ನೆ. ಬೇಕರಿಯವನು ಕೇಳಿದ, ಹಾಲಿನವನು ಕೇಳಿದ, ಎಲ್‌ಐಸಿ ಏಜೆಂಟು ಕೇಳಿದರು, ಮೇಲಿನ ಬಾಡಿಗೆಯವರು ಮೆಟ್ಟಿಲ ಮೇಲಿಂದಲೇ ಕೇಳಿದರು: “ಎಷ್ಟು ಕೊಡುತ್ತೆ?”

ಟಾರ್ಕಿನ ಮಾತಾಡುತ್ತಿರುವವನ ಹತ್ತಿರ ಮೈಲೇಜ್ ಕೇಳುವುದು ಅಂದರೆ ಕಛೇರಿ ಮುಗಿಸಿ ಎದ್ದ ವಿದ್ವಾಂಸರನ್ನು ‘ತಿಂಗಳಿಗೆ ಎಷ್ಟು ಬರುತ್ತೆ’ ಅಂದ ಹಾಗೆ. ಮೊದಲು ಅಂಕಲ್ ಮುಖ ಸಣ್ಣದು ಮಾಡಿಕೊಂಡರು. ಆಮೇಲೆ ಉತ್ತರ ಕಂಡುಕೊಂಡರು. ಬೇಕರಿಯವನಿಗೆ 30, ಹೆಂಡತಿಗೆ 35, ತಾಯಿಗೆ 45. ಗಾಡಿಯ ಬೆಲೆ ಇದೇ ಸಾಲಿನಲ್ಲಿ ಇಳಿಯುತ್ತ ಹೋಗುತ್ತದೆ. ತಾಯಿಯವರ ಲೆಕ್ಕದಲ್ಲಿ ಅದು 95 ಸಾವಿರದ ಗಾಡಿ. ನಿಜವಾದ ಲೆಕ್ಕ ಬ್ಯಾಂಕಿನವರಿಗೆ ಗೊತ್ತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಅದನ್ನು ಮೀರಿದ್ದಕ್ಕೆ ಶೇ 40 ಆಯಿತಲ್ಲ, ಅದಾದ ಮೇಲೆ ದುಡ್ಡು ಕಟ್ಟಿದ ಪುಣ್ಯಾತ್ಮರು ಇವರು. ಅದರಲ್ಲೂ ಹೆಮ್ಮೆಯೇ. “ಇದು ಬಡವರ ಗಾಡಿ ಅಲ್ಲ ಅಂತ ಸರ್ಕಾರವೇ ಒಪ್ಕೊಂಡಿದೆ ಸಾರ್!”

ರಾಜಾಜಿನಗರ ಆರ್‌ಟಿಒದ ಕೆಎ-02 ನಂಬರು ಬಂತು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಪೂಜೆಗೆ ಹೋದರು; ಪಶ್ಚಿಮ ಬೆಂಗಳೂರಿನಲ್ಲಿ ಅಲ್ಲಿ ಪೂಜೆಯಾಗದ ಗಾಡಿಗೆ ನಾವು ಗಾಡಿ ಅನ್ನುವುದಿಲ್ಲ. ಹಾರ ಹಾಕಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟದ್ದಾಯಿತು. ಪೂಜೆ ಮಾಡಿದವರು ಮಂಗಳಾರತಿ ತಟ್ಟೆ ಹಿಡಿದು ಗಾಡಿಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, “ಎಷ್ಟು ಕೊಡುತ್ತೆ?” ಅಂದರಂತೆ. ಕಿವಿಗೆ ಹೆಲ್ಮೆಟ್ ಹಾಕಿಕೊಂಡಿದ್ದ ಅಂಕಲ್ “ಎಷ್ಟು ಕೊಡ್ತೀರಿ” ಅಂತ ಕೇಳಿಸಿಕೊಂಡು ತಟ್ಟೆಗೆ ಐನೂರು ಹಾಕಿ ಬಂದರು.

ಇನ್ನು ಸೀಟಿನ ವಿಷಯ. ನೆಲದಿಂದ ಸೀಟಿಗೆ 825 ಮಿಲಿಮೀಟರು. ಅಂಕಲ್ ನಿಂತರೆ ಐದಡಿ ನಾಲ್ಕಿಂಚು. ಈ ಎರಡು ಅಂಕಿಗಳ ನಡುವಿನ ವ್ಯಾಜ್ಯವನ್ನು ಅವರ ಹೆಬ್ಬೆರಳು ದಿನವೂ ಒಂಟಿಯಾಗಿ ನಡೆಸುತ್ತದೆ. ಸಮತಟ್ಟು ನೆಲವಾದರೆ ಹೇಗೋ ಆದೀತು; ಆದರೆ ಕುರುಬರಹಳ್ಳಿಯಲ್ಲಿ ಒಂದು ರಸ್ತೆ ಏರಿದರೆ ಇನ್ನೊಂದು ಇಳಿಯುತ್ತದೆ. ಹೀಗಾಗಿ ಅವರು ಗಾಡಿ ನಿಲ್ಲಿಸುವ ಮೊದಲು ಕಲ್ಲು ಹುಡುಕುತ್ತಾರೆ. ಫುಟ್‌ಪಾತಿನ ಅಂಚುಕಲ್ಲು ಸಿಕ್ಕರೆ ಎಡಗಾಲು ಅದರ ಮೇಲಿಟ್ಟು ಯುದ್ಧ ಗೆದ್ದು ಬಂದವರ ಹಾಗೆ ನಿಲ್ಲುತ್ತಾರೆ. ಮನೆಯಿಂದ ಪೀಣ್ಯದ ತನಕ ಯಾವ ಸಿಗ್ನಲಿನಲ್ಲಿ ಕಲ್ಲಿದೆ, ಯಾವುದರಲ್ಲಿ ಕಿತ್ತುಹೋಗಿದೆ ಅನ್ನುವುದು ಪಾಲಿಕೆಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಒಂದು ಸಂಜೆ ಕಲ್ಲು ಸಿಗಲಿಲ್ಲ. ಸರ್ಕಲ್ಲಿನ ಹತ್ತಿರ, ಹೂವಿನಮ್ಮನ ಬುಟ್ಟಿಯ ಎದುರಿಗೆ, ಗಾಡಿ ನಿಂತಿತು. ನಿಂತ ಗಾಡಿ ನಿಧಾನವಾಗಿ, ಯೋಚನೆ ಮಾಡಿಕೊಂಡು, ಎಡಕ್ಕೆ ವಾಲಿತು. ವೇಗ ಸೊನ್ನೆ. ಎಂಟು ಸಾವಿರದ ಜಾಕೆಟ್ಟು, ಮೊಣಕಾಲಿಗೆ ಕವಚ, ಬೆರಳಿನ ಗೆಣ್ಣಿಗೆಲ್ಲ ಗಟ್ಟಿ ಚಿಪ್ಪಿನ ಗ್ಲೌಸು, ಕರ್ಣ ಹುಟ್ಟುವಾಗಲೂ ಇಷ್ಟು ತಂದಿರಲಿಲ್ಲ. ಏಟೇನೂ ಆಗಲಿಲ್ಲ, ಎತ್ತುವುದಕ್ಕೆ ನಾಲ್ಕು ಜನ ಬೇಕಾದೆವು. ನಾಲ್ಕನೆಯವನು ನಾನು. ಹೂವಿನಮ್ಮ ಕಟ್ಟುತ್ತಿದ್ದ ಮಲ್ಲಿಗೆ ಬಿಡದೆ ಹೇಳಿದಳು: “ಇಷ್ಟ್ ದೊಡ್ ಗಾಡಿ ತಗೊಂಡ್ರಲ್ಲ ಸಾಮಿ, ಜೊತೇಗೆ ಅರ್ಧ ಮೊಳ ಕಾಲೂ ತಗೊಂಡಿದ್ರೆ ಆಗ್ತಿತ್ತು.” ಎತ್ತಿದ ಮಿಕ್ಕ ಮೂವರಲ್ಲಿ ಒಬ್ಬ ಉಸಿರು ಬಿಡುತ್ತ, “ಅಲ್ಲ ಅಣ್ಣ, ಎಷ್ಟು ಕೊಡುತ್ತೆ ಇದು?” ಅಂದ.

ಆಂಟಿ ಹಿಂದೆ ಕೂತದ್ದು ಒಂದೇ ಸಲ. ಮಹಾಲಕ್ಷ್ಮಿ ಲೇಔಟಿನ ಪ್ರಸನ್ನ ವೀರಾಂಜನೇಯ ಗುಡಿಗೆ ಹೋಗಿ ಬಂದು, ಗೇಟಿನಲ್ಲಿ ಇಳಿದು, ಸೆರಗು ಸರಿಮಾಡಿಕೊಂಡು ತೀರ್ಪು ಕೊಟ್ಟರು: “ಹತ್ತಕ್ಕೆ ಸ್ಟೂಲ್ ಬೇಕು. ಇಳಿಯಕ್ಕೆ ನೀವು ಕೈ ಕೊಡಬೇಕು. ನೀವು ಇಳಿದರೆ ಗಾಡಿ ಹಿಡಿಯೋರ್ಯಾರು?” ಇದಕ್ಕೆ ಅಂಕಲ್ ಹತ್ತಿರ ಈವರೆಗೆ ಉತ್ತರವಿಲ್ಲ. ನನ್ನ ಹತ್ತಿರವೂ ಇಲ್ಲ.

ಬಣ್ಣದ ಹೆಸರು ಹಾನ್ಲೆ ಬ್ಲ್ಯಾಕ್. “ಕಪ್ಪು ಅಂದ್ರೆ ಕಪ್ಪು, ಅದಕ್ಯಾಕೆ ಅಡ್ಡಹೆಸರು?” ಅಂತ ತಾಯಿಯವರು ಕೇಳಿದಾಗ, ಹಾನ್ಲೆ ಲಡಾಖಿನ ಊರು ಅಂತ ವಿವರಿಸಿದರು. ಅಲ್ಲೊಂದು ದೂರದರ್ಶಕ ಇದೆ, ಅಮ್ಮ, ಆಕಾಶ ಅಷ್ಟು ಕಪ್ಪಗಿರುತ್ತೆ. ಇದು ನಿಜ. ನಾನು ಸೇರಿಸಬೇಕಾದದ್ದು ಇಷ್ಟೇ: ಸುಮಾರು 4,500 ಮೀಟರ್ ಎತ್ತರದಲ್ಲಿರುವ ಆ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ಲಡಾಖಿಗೆ ಹೋಗದೆ ಲಡಾಖಿನಲ್ಲಿರುವ ವಿದ್ಯೆ ಬೆಂಗಳೂರಿಗೆ ಹೊಸದಲ್ಲ. ವಿಜ್ಞಾನಿಗಳು ಹೊಸಕೋಟೆಯಿಂದ ಮಾಡುವುದನ್ನು ಅಂಕಲ್ ಕುರುಬರಹಳ್ಳಿಯಿಂದ ಮಾಡುತ್ತಾರೆ.

ಅವರ ತಯಾರಿ ನೋಡಬೇಕು. ಪಂಕ್ಚರ್ ಕಿಟ್ಟು, ಸಣ್ಣ ಕಂಪ್ರೆಸರು, ಐದು ಲೀಟರಿನ ಹೆಚ್ಚುವರಿ ಪೆಟ್ರೋಲ್ ಡಬ್ಬ (ಬಂಕು ಎರಡು ತಿರುವಿನಾಚೆ), ಎತ್ತರದಲ್ಲಿ ಉಸಿರು ಕಟ್ಟಿದರೆ ನುಂಗುವ ಮಾತ್ರೆ. ಗುಂಡನೆಯ ಪರದೆಯಲ್ಲಿ ಗೂಗಲ್ ಮ್ಯಾಪು. ಇಪ್ಪತ್ತು ವರ್ಷ ಕಣ್ಣು ಮುಚ್ಚಿ ಹೋದ ಪೀಣ್ಯಕ್ಕೂ ಈಗ ಅದು ದಾರಿ ತೋರಿಸಬೇಕು. ಖಾರ್ದುಂಗ್ ಲಾ ವಿಷಯದಲ್ಲಂತೂ ಅವರಿಗೆ ಡಾಕ್ಟರೇಟು ಕೊಡಬಹುದು. ಅಲ್ಲಿನ ಫಲಕದಲ್ಲಿ 18,380 ಅಡಿ ಅಂತ ಬರೆದಿದ್ದರಂತೆ, ಸರಿಯಾಗಿ ಅಳೆದವರಿಗೆ ಸಿಕ್ಕಿದ್ದು 17,582. ಇದನ್ನು ಅಂಕಲ್ಲೇ ನನಗೆ ಹೇಳಿದ್ದು. ಬೆಟ್ಟವೇ ಎಂಟುನೂರು ಅಡಿ ಸೇರಿಸಿ ಹೇಳುವಾಗ ಮೈಲೇಜಿನಲ್ಲಿ ಹದಿನೈದು ಸೇರಿಸಿದರೆ ಅದು ಸುಳ್ಳಾಗುತ್ತದೆಯೇ?

ಆಮೇಲೆ ಬಂದವು ಅಲ್ಯೂಮಿನಿಯಂ ಪೆಟ್ಟಿಗೆಗಳು, ಎರಡೂ ಬದಿಗೆ ಒಂದೊಂದು. ಅಂಗಡಿಯಲ್ಲಿ ಕೂರಿಸಿ ಮನೆಗೆ ತಂದರೆ ಗಾಡಿ ಗೇಟಿನಲ್ಲಿ ನುಗ್ಗಲಿಲ್ಲ. ಮುಂದಿನಿಂದ ಆಗಲಿಲ್ಲ, ಹಿಂದಿನಿಂದ ಆಗಲಿಲ್ಲ, ಓರೆಯಾಗಿ ನೋಡಿದರು. ಬೀದಿಯವರೆಲ್ಲ ಸಲಹೆ ಕೊಟ್ಟೆವು. ಕಡೆಗೆ ಪೆಟ್ಟಿಗೆ ಬಿಚ್ಚಿಡಿ ಅಂದರೆ, ಅಂಕಲ್ ವೆಲ್ಡಿಂಗ್‌ನವನನ್ನು ಕರೆಸಿ ಗೇಟನ್ನೇ ಒಂಬತ್ತು ಇಂಚು ಅಗಲ ಮಾಡಿಸಿದರು. ವಾಸ್ತು ನೋಡಿ ಇಟ್ಟಿದ್ದ ಗೇಟು ಅದು. ಬಲಬದಿಯ ಪೆಟ್ಟಿಗೆಯಲ್ಲಿ ಈಗ ಮಗಳ ಹಳೆಯ ಪುಸ್ತಕಗಳಿವೆ, ಎಡಬದಿಯದರಲ್ಲಿ ಆಂಟಿ ರಾಗಿ ಇಟ್ಟಿದ್ದಾರೆ. ಇಲಿ ಹೋಗುವುದಿಲ್ಲವಂತೆ. ಆ ಪೆಟ್ಟಿಗೆಯ ಬಗ್ಗೆ ನನಗೆ ಸಿಕ್ಕಿದ ನಂಬಲರ್ಹ ಫಸ್ಟ್ ಇಂಪ್ರೆಷನ್ ಅದೊಂದೇ.

ತಾಯಿಯವರಿಗೆ ಮಾತ್ರ ಈ ‘ಟೂರಿಂಗ್’ ಅನ್ನುವ ಪದ ಇನ್ನೂ ಹತ್ತಿಲ್ಲ. ಅವರ ಯಜಮಾನರದ್ದು ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿಗೆ ದಿನವೂ ಅದರಲ್ಲೇ ಹೋಗಿಬರುತ್ತಿದ್ದವರು, ವರ್ಷಕ್ಕೊಮ್ಮೆ ಮನೆಮಂದಿಯನ್ನೆಲ್ಲ ಹೇರಿಕೊಂಡು ಎಡೆಯೂರಿಗೆ ಹೊರಡುತ್ತಿದ್ದರು. ಟ್ಯಾಂಕಿನ ಮೇಲೆ ಈ ಅಂಕಲ್ಲು, ಹಿಂದೆ ತಾಯಿ, ತಾಯಿಯ ಮಡಿಲಲ್ಲಿ ತಂಗಿ, ತಂಗಿಯ ಮಡಿಲಲ್ಲಿ ಚಿತ್ರಾನ್ನದ ಡಬ್ಬಿ. “ಅವರು ಒಂದ್ ದಿನಾನೂ ಅದನ್ನ ಟೂರಿಂಗ್ ಗಾಡಿ ಅನ್ನಲಿಲ್ಲ ಕಣಪ್ಪ. ಹೋಗ್ತಿದ್ವಿ, ಬರ್ತಿದ್ವಿ,” ಅಂದರು ಅಜ್ಜಿ. ಅಂಕಲ್ ಗಾಡಿ ಒರೆಸುತ್ತಿದ್ದ ಬಟ್ಟೆಯನ್ನು ಹಿಂಡಿ, ಮತ್ತೆ ಒರೆಸಿದರು.

ಮೊದಲ ಟೂರಿಗೆ ಮುಹೂರ್ತ ಭಾನುವಾರ ಬೆಳಗಿನ ಐದು. ಮೈಸೂರಿಗೇ ಹೋಗಬೇಕು ಅಂತಿತ್ತು. ಆದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. 40 ಪಿಎಸ್ ಇದ್ದರೂ ಅಷ್ಟೆ, ನಾಲ್ಕಿದ್ದರೂ ಅಷ್ಟೆ, ಎಮ್ಮೆಗಳ ಜೊತೆ ಸರ್ವಿಸ್ ರೋಡು. ಲಡಾಖಿಗೆ ಹೊರಟವರನ್ನು ಮೈಸೂರಿಗೇ ಬಿಡದಿದ್ದರೆ ಏನು ಮಾಡುವುದು? ತುಮಕೂರು ರಸ್ತೆ ಹಿಡಿದು ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೋಗುವುದು ಅಂತ ತೀರ್ಮಾನವಾಯಿತು. 60 ಚಿಲ್ಲರೆ ಕಿಲೋಮೀಟರ್. ಐದು ಗಾಡಿ, ಐದು ಹೊಟ್ಟೆ, ಒಂದು ವಾಟ್ಸ್ಯಾಪ್ ಗ್ರೂಪು. ನಾಲ್ಕೂವರೆಗೆ ಇಡೀ ಕ್ರಾಸಿನ ನಾಯಿಗಳು ಅವರನ್ನು ಬೀಳ್ಕೊಟ್ಟವು.

ಹೊಸ ಇಂಜಿನ್ನು, ಮೊದಲ 500 ಕಿಲೋಮೀಟರ್ ಮೆತ್ತಗೆ ಓಡಿಸಬೇಕು. ಅಂಕಲ್ ಶಾಸ್ತ್ರ ಬಿಡುವವರಲ್ಲ. ಅರುವತ್ತು ದಾಟಿಸಲಿಲ್ಲ. ನೆಲಮಂಗಲದ ಆಚೆ, ಎರಡೂ ಬದಿಗೆ ಹೂವಿನ ಮೂಟೆ ಕಟ್ಟಿಕೊಂಡ ಒಂದು ಹಳೆಯ ಸ್ಪ್ಲೆಂಡರ್ ಅವರನ್ನು ಹಿಂದೆ ಹಾಕಿ ಹೋಯಿತಂತೆ. ಹೋಗುವಾಗ ಅದರ ಸವಾರ ತಿರುಗಿ ನೋಡಿ, ಗಾಳಿಯಲ್ಲಿ ಕೈ ತಿರುವಿದನಂತೆ. ಏನಂತ ಕೇಳಿದ್ದು ಅಂತ ನಾನು ವಿಚಾರಿಸಲಿಲ್ಲ. ನಿಮಗೂ ಗೊತ್ತು. ಟೋಲಿನಲ್ಲಿ ಬೈಕಿಗೆ ದುಡ್ಡಿಲ್ಲ. ಎಡಬದಿಯ ಸಂದಿಯಲ್ಲಿ ನುಸುಳಬೇಕು. ಅಲ್ಲಿ ಪೆಟ್ಟಿಗೆ ಸಿಕ್ಕಿಕೊಂಡು ಹಿಂದಿನ ಹಾಲಿನ ಗಾಡಿಗಳೆಲ್ಲ ನಿಂತದ್ದನ್ನು ಗ್ರೂಪಿನ ಇನ್ನೊಬ್ಬರು ಹೇಳಿದರು, ಅಂಕಲ್ ಹೇಳಲಿಲ್ಲ. ಎರಡು ಇಡ್ಲಿ, ಒಂದು ವಡೆ, ಅರ್ಧ ಕಾಫಿ, ನಲವತ್ತು ಫೋಟೋ. ಒಂಬತ್ತೂವರೆಗೆ ವಾಪಸ್ಸು, ಹನ್ನೊಂದಕ್ಕೆ ಲಗ್ಗೆರೆಯಲ್ಲಿ ಗೃಹಪ್ರವೇಶದ ಊಟವಿತ್ತು.

ಆದರೆ ನಗುವ ನನ್ನನ್ನೇ ಅವತ್ತು ಸಂಜೆ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಅವರು ಒಂದು ಮಾತು ಹೇಳಿದರು. ದಾಬಸ್‌ಪೇಟೆ ದಾಟುವಾಗ ಎಡಗಡೆ ಶಿವಗಂಗೆ ಬೆಟ್ಟದ ಮೇಲೆ ಬಿಸಿಲು ಬಿತ್ತಂತೆ. ಇಪ್ಪತ್ತು ವರ್ಷದಿಂದ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದ್ದರೂ ನೋಡಿರಲಿಲ್ಲವಂತೆ. “ನಿದ್ದೆ ಮಾಡ್ತಿದ್ದೆ ಸಾರ್, ಪ್ರತಿ ಸಲ,” ಅಂದರು. ಟಾರ್ಕಿನ ಮಾತು ಬರಲಿಲ್ಲ. ಕೊತ್ತಂಬರಿ ಸೊಪ್ಪು ನನ್ನ ಕೈಯಲ್ಲಿ ಹಾಗೇ ಇತ್ತು, ಬಾಡಲಿಲ್ಲ.

ಈಗ ಎರಡು ತಿಂಗಳಾಯಿತು. ಹಿಮಾಲಯನ್ನಿನ ಮೀಟರು 388 ತೋರಿಸುತ್ತಿದೆ. ಅದರಲ್ಲೊಂದಷ್ಟು ಸರ್ಕಲ್ಲಿನಲ್ಲಿ ಕಲ್ಲು ಹುಡುಕಿ ತಿರುಗಿದ್ದು. ಹಳೆಯ ಸ್ಪ್ಲೆಂಡರನ್ನು ಎಕ್ಸ್‌ಚೇಂಜಿಗೆ ಹಾಕಲು ಆಂಟಿ ಬಿಡಲಿಲ್ಲ. ಹಾಲು, ಗ್ಯಾಸು, ಮಗಳ ಟ್ಯೂಷನ್ನು, ಅಜ್ಜಿಯ ಮಾತ್ರೆ ಎಲ್ಲ ಅದರ ಮೇಲೆಯೇ. ಮಳೆ ಬಂದರೆ ಅಂಕಲ್ ಪೀಣ್ಯಕ್ಕೂ ಅದನ್ನೇ ಒಯ್ಯುತ್ತಾರೆ, ಹೊಸದು ಕೊಳೆಯಾಗಬಾರದು ನೋಡಿ. ಅದು ಎಷ್ಟು ಓಡಿದೆ ಅಂತ ನೋಡಲು ಹೋದೆ; ಮೀಟರ್ ಕೇಬಲ್ ಕಿತ್ತು ಹನ್ನೊಂದು ವರ್ಷವಾಗಿದೆ.

ನೀವು ಕುರುಬರಹಳ್ಳಿ ಕಡೆ ಬಂದರೆ, ಸಿಗ್ನಲಿನಲ್ಲಿ ಎಡಕ್ಕೆ ತೀರ ಅಂಟಿಕೊಂಡು ನಿಲ್ಲಬೇಡಿ. ಹಿಂದೆ ಕಪ್ಪು ಗಾಡಿಯ ಮೇಲೆ ಒಬ್ಬರು ಬರುತ್ತಿರುತ್ತಾರೆ. ಆ ಕಲ್ಲು ಅವರಿಗೆ ಬೇಕು.